ಭರಣಿಗೆ ಎ.ಸಿ.: ನಾಪೋಕ್ಲಿನ ಕಡೆ ಒಂದು ತಂಪು ಕೋಣೆ ಕಟ್ಟಿದ ಕಥೆ

"ಭರಣಿಗೆ ಎ.ಸಿ.ನಾ? ನನ್ನ ಕೋಣೆಗೆ ಒಂದು ಫ್ಯಾನ್ ಹಾಕಿಸಿ ಅಂತ ಮೂರು ವರ್ಷದಿಂದ ಹೇಳ್ತಾ ಇದ್ದೇನೆ."

ಅತ್ತೆ ಹೀಗೆ ಹೇಳಿದ್ದು ಕಳೆದ ಅಕ್ಟೋಬರಿನಲ್ಲಿ. ಈಗ ಜುಲೈ, ಕಕ್ಕಡ ತಿಂಗಳ ಮಳೆ ಹುಯ್ಯುತ್ತಿದೆ. ಮಧ್ಯದ ಒಂಬತ್ತು ತಿಂಗಳಲ್ಲಿ ಅತ್ತೆಯ ಕೋಣೆಗೆ ಫ್ಯಾನ್ ಬಂತು, ಮನೆ ಹಿಂದೆ ವೈನ್‌ಗೆ ಒಂದು ತಂಪು ಕೋಣೆಯೂ ಎದ್ದಿತು. ಫ್ಯಾನ್ ಹಾಕಲು ಅರ್ಧ ಗಂಟೆ ಸಾಕಾಯಿತು. ಇನ್ನೊಂದರ ಕಥೆ ಕೆಳಗಿದೆ. ತಾವೂ ಇಂಥದ್ದೇ ಕಟ್ಟಬೇಕೆಂದು ಇಬ್ಬರು ಮೂವರು ನನ್ನನ್ನು ವಿಚಾರಿಸಿದ್ದಾರೆ, ಪ್ರತಿ ಸಲ ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕೊಡಗಿನಲ್ಲಿ ತಂಪು ಮಾಡಲು ಯಂತ್ರ ಯಾಕೆ ಅಂತ ಎಲ್ಲರೂ ನಗುತ್ತಾರೆ. ಮಡಿಕೇರಿಯವರು ನಗಲಿ, ಅವರಿಗೆ ಮಂಜು ಇದೆ. ನಾಪೋಕ್ಲಿನ ಕಡೆ ನಾವು ತಗ್ಗಿನಲ್ಲಿದ್ದೇವೆ. ಮಾರ್ಚ್ ತಿಂಗಳಲ್ಲಿ ಕಾಫಿ ಹೂವು ಅರಳಿಸುವ ಹೂಮಳೆ ಬೀಳುವವರೆಗೆ ನಮ್ಮ ಉಗ್ರಾಣದಲ್ಲಿ ಮಧ್ಯಾಹ್ನ 31, 32 ಡಿಗ್ರಿ ಇರುತ್ತದೆ. ಅತ್ತೆ ಇದನ್ನು ಥರ್ಮಾಮೀಟರ್ ಇಲ್ಲದೆ ತಿಳಿದಿದ್ದರು. ದ್ರಾಕ್ಷಿ, ನೆಲ್ಲಿಕಾಯಿ, ಗಾಂಧಾರಿ ಮೆಣಸು, ಶುಂಠಿ ಹೀಗೆ ಏನೇ ವೈನ್ ಹಾಕಿದರೂ ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಆಚೀಚೆ, ಚಳಿಯಲ್ಲೇ ಹಾಕುತ್ತಿದ್ದರು. ಬೇಸಿಗೆಯಲ್ಲಿ ಭರಣಿ ಮುಟ್ಟುತ್ತಿರಲಿಲ್ಲ. ನನ್ನ ಆಸೆ ಅನಾನಸಿನದು. ಅನಾನಸು ನಮ್ಮ ತೋಟದಲ್ಲಿ ಹಣ್ಣಾಗುವುದೇ ಏಪ್ರಿಲ್ ಹೊತ್ತಿಗೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಅತ್ತೆ ಬೇಡ ಅಂದರೂ ಮೂರು ಭರಣಿ ಹಾಕಿದೆ. ಎರಡು ಹುಳಿಯಾಗಿ ವಿನೆಗರ್ ಆಯಿತು. ಮೂರನೆಯದು ಹುಳಿಯಾಗಲಿಲ್ಲ, ಆದರೆ ಮೂಗಿಗೆ ಹಿಡಿದರೆ ಪೇಂಟಿನ ಥಿನ್ನರ್ ವಾಸನೆ. ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಬಿಸಿ 30 ಡಿಗ್ರಿ ದಾಟಿದರೆ ಯೀಸ್ಟ್ ಗಾಬರಿಬಿದ್ದಂತೆ ಕೆಲಸ ಮಾಡುತ್ತದೆ, ಒರಟು ವಾಸನೆಯ ಆಲ್ಕೋಹಾಲ್‌ಗಳನ್ನು ಬಿಡುತ್ತದೆ. ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೂ ಬೆಚ್ಚಗಿನ ಜಾಗ, ಗಾಳಿ ಎರಡೂ ಇಷ್ಟ. ಅದನ್ನು ಹೊತ್ತು ತರುವುದು ಹಣ್ಣಿನ ನೊಣ. ಹಣ್ಣಿನ ವೈನ್‌ಗೆ ಹುದುಗುವಾಗ 15ರಿಂದ 20 ಡಿಗ್ರಿ, ಆಮೇಲೆ ಇಡಲು 12, 13 ಡಿಗ್ರಿ ಇದ್ದರೆ ಹಣ್ಣಿನ ಪರಿಮಳ ಉಳಿಯುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಮನೆ ವೈನ್ ನಮ್ಮಲ್ಲಿ ಉಪ್ಪಿನಕಾಯಿಯಷ್ಟೇ ಸಾಮಾನ್ಯ ಅಂತ ನಮಗೆ ಅನಿಸುತ್ತದೆ. ಕಾನೂನಿಗೆ ಹಾಗೆ ಅನಿಸುವುದಿಲ್ಲ. ಕರ್ನಾಟಕದ 1965ರ ಅಬಕಾರಿ ಕಾಯ್ದೆಯಲ್ಲಿ ಮದ್ಯ ತಯಾರಿಸುವುದಕ್ಕೂ ಮಾರುವುದಕ್ಕೂ ಪರವಾನಗಿಯ ಮಾತಿದೆ. ಕೋಣೆ ಕಟ್ಟುವ ಮೊದಲು ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮಾರುವ ಯೋಚನೆ ಇದ್ದರಂತೂ ಮೊದಲ ಇಟ್ಟಿಗೆಗಿಂತ ಮೊದಲು ಆ ಕಾಗದ. ಇಷ್ಟೇ ತಂಪು ಕೋಣೆ ಕಿತ್ತಳೆಗೂ ಅಣಬೆಗೂ ಹೂವಿಗೂ ಆಗುತ್ತದೆ, ಆಗ ಈ ತಲೆನೋವಿಲ್ಲ.

ಮೊದಲು ಹಳೇ ಫ್ರಿಜ್ ಸಾಕು ಅಂದುಕೊಂಡಿದ್ದೆ. ಅದರೊಳಗೆ 20 ಲೀಟರಿನ ಒಂದು ಕ್ಯಾನ್ ಇಟ್ಟರೆ ಬಾಗಿಲು ಹಾಕಲು ಆಗಲಿಲ್ಲ. ರೆಡಿಮೇಡ್ ಪಫ್ (ಗಟ್ಟಿ ಫೋಮ್ ತುಂಬಿದ) ಪ್ಯಾನೆಲ್ ಕೋಣೆಗೆ ಮೈಸೂರಿನಲ್ಲಿ ಕೇಳಿದಾಗ ಎರಡು ಲಕ್ಷದ ಮೇಲೆ ಹೇಳಿದರು, ಸಾಗಣೆ ಬೇರೆ. ಹಾಗಾಗಿ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ನಾವೇ ಕಟ್ಟೋಣ ಅಂತ ತೀರ್ಮಾನವಾಯಿತು. ಉದ್ದ 8 ಅಡಿ, ಅಗಲ 6, ಎತ್ತರ 7. ಉತ್ತರಕ್ಕೆ ಮುಖ, ಮೇಲೆ ಹಂಚು, ಬಿಸಿಲು ನೇರ ಬೀಳುವುದಿಲ್ಲ. 60 ಸಾವಿರದಲ್ಲಿ ಮುಗಿಯುತ್ತದೆ ಅಂತ ಗಂಡನಿಗೆ ಹೇಳಿದೆ. ಅವರು ಏನೂ ಹೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಾನು ಹೆದರಿದ್ದು ಮರಗೆಲಸಕ್ಕೆ. ಕೂದಲು ಬೆಳ್ಳಗಾಗಿಸಿದ್ದು ಕರೆಂಟಿನ ಕಾಗದ.

ನಮ್ಮ ಮನೆಗೆ ಮಂಜೂರಾಗಿದ್ದ ಲೋಡ್ 1 ಕಿಲೋವ್ಯಾಟ್. ಒಂದು ಟನ್ನಿನ ಎ.ಸಿ. ಒಂದೇ ಅದನ್ನು ತಿನ್ನುತ್ತದೆ. ಲೋಡ್ 3 ಕಿಲೋವ್ಯಾಟ್‌ಗೆ ಏರಿಸಲು ಅರ್ಜಿ ಹಿಡಿದು ಕರೆಂಟ್ ಆಫೀಸಿಗೆ ಹೋದೆ. ಬಿಲ್, ಆಧಾರ್, ಪಹಣಿ ಎಲ್ಲ ಜೋಡಿಸಿಕೊಂಡೇ ಹೋಗಿದ್ದೆ. ಗುಮಾಸ್ತರು ಬಿಲ್ ಮೇಲಿನ ಹೆಸರಿಗೆ ಬೆರಳಿಟ್ಟು "ಇವರು ಬಂದಿದ್ದಾರಾ?" ಅಂದರು. ಅದು ನನ್ನ ಗಂಡನ ಅಜ್ಜನ ಹೆಸರು. ಅವರು ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು. ಅಷ್ಟು ವರ್ಷ ಬಿಲ್ ಕಟ್ಟುತ್ತಲೇ ಇದ್ದೆವು, ಆ ಹೆಸರನ್ನು ಓದಿಯೇ ಇರಲಿಲ್ಲ.

ಮೊದಲು ಹೆಸರು ಬದಲಾಗಬೇಕು, ಆಮೇಲೆ ಲೋಡ್. ಹೆಸರು ಬದಲಾಗಲು ಅಜ್ಜನ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ಕೊಡಗಿನಲ್ಲಿ ಪಹಣಿ ನೋಡಿದವರಿಗೆ ಗೊತ್ತು, ಒಂದೊಂದರಲ್ಲಿ ಅರ್ಧ ಊರೇ ಇರುತ್ತದೆ. ನಮ್ಮದರಲ್ಲಿ ಒಂಬತ್ತು ಹೆಸರು, ಅದರಲ್ಲಿ ಬದುಕಿರುವವರು ನಾಲ್ಕು. ಒಬ್ಬ ಚಿಕ್ಕಪ್ಪ ಮೈಸೂರಿನಲ್ಲಿ, ಇನ್ನೊಬ್ಬರ ಮಗ ಮಸ್ಕತ್ತಿನಲ್ಲಿ. ಚಿಕ್ಕಪ್ಪನಿಗೆ ಫೋನ್ ಮಾಡಿ "ಮೀಟರ್‌ಗೆ ಒಂದು ಸಹಿ ಬೇಕು" ಅಂದರೆ ಅವರು "ಮೀಟರ್‌ಗೆ ಮಾತ್ರ ತಾನೇ?" ಅಂತ ಮೂರು ಸಲ ಕೇಳಿದರು. ಪಾಪ, ಆಸ್ತಿ ವಿಷಯ ಅಲ್ವಾ. ನಾನೇ ಕಾಗದ ಹಿಡಿದು ಮೈಸೂರಿಗೆ ಹೋಗಿ, ಅವರ ಮನೆಯಲ್ಲಿ ಊಟ ಮಾಡಿ, ಒಂದೊಂದು ಸಾಲೂ ಓದಿ ಹೇಳಿ ಸಹಿ ತಂದೆ.

ಒಟ್ಟು ಒಂಬತ್ತು ವಾರ, ಆಫೀಸಿಗೆ ಏಳು ಸಲ. ಒಂದು ಸಲ ಸರ್ವರ್ ಇಲ್ಲ, ಒಂದು ಸಲ ಸಾಹೇಬರು ಮೀಟಿಂಗ್‌ನಲ್ಲಿ, ಒಂದು ಸಲ ನಾನೇ ಮರಣ ಪತ್ರದ ಜೆರಾಕ್ಸ್ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದ ವೈರಿಂಗ್ ವರದಿಯೂ ಬೇಕು. ಅದನ್ನು ಕೊನೆಗೆ ಕೇಳಿದರು, ಮೊದಲೇ ಹೇಳಿದ್ದರೆ ಎರಡು ವಾರ ಉಳಿಯುತ್ತಿತ್ತು. ಆದ್ದರಿಂದ ಈಗಲೇ ಎದ್ದು ಹೋಗಿ ನಿಮ್ಮ ಕರೆಂಟ್ ಬಿಲ್‌ನಲ್ಲಿ ಯಾರ ಹೆಸರಿದೆ ನೋಡಿ. ಕೋಣೆ ಕಟ್ಟದಿದ್ದರೂ ಪರವಾಗಿಲ್ಲ, ನೋಡಿ.

ಮಂಜೂರಾತಿ ಬರುವಾಗ ಡಿಸೆಂಬರ್ ಮುಗಿಯುತ್ತಿತ್ತು. ಕಾಫಿ ಕುಯ್ಯುವ ಕಾಲ. ಈ ಸಮಯದಲ್ಲಿ ಕೊಡಗಿನಲ್ಲಿ ಗಾರೆಯವರನ್ನೋ ಆಚಾರಿಯನ್ನೋ ಹುಡುಕುವುದು ಸುಮ್ನೆ ಸಮಯ ಹಾಳು. ನಾವೂ ಕಣದಲ್ಲೇ ಇದ್ದೆವು. ಕೆಲಸ ಶುರುವಾದದ್ದು ಫೆಬ್ರವರಿ ಎರಡನೇ ವಾರದಲ್ಲಿ.

ಗೋಡೆಗೆ ಥರ್ಮೋಕೋಲ್ ತೆಗೆದುಕೊಂಡೆವು. ಪಫ್ ಇದಕ್ಕಿಂತ ಚೆನ್ನಾಗಿ ಬಿಸಿ ತಡೆಯುತ್ತದೆ, 60 ಮಿ.ಮೀ. ಪಫ್ ಮಾಡುವ ಕೆಲಸಕ್ಕೆ ಥರ್ಮೋಕೋಲ್ ಸುಮಾರು 100 ಮಿ.ಮೀ. ಬೇಕು. ಆದರೆ ಬೆಲೆಯಲ್ಲಿ ಥರ್ಮೋಕೋಲ್ ಗೆಲ್ಲುತ್ತದೆ. 50 ಮಿ.ಮೀ. ದಪ್ಪದ ಹಾಳೆ, ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಗೋಡೆ, ಚಾವಣಿ, ನೆಲ ಎಲ್ಲಕ್ಕೂ ಎರಡು ಪದರ, ಒಂದರ ಸಂದಿಯ ಮೇಲೆ ಇನ್ನೊಂದರ ಸಂದಿ ಬಾರದ ಹಾಗೆ. 120 ಹಾಳೆ ತಂದೆವು, ಒಂದಕ್ಕೆ 130 ರೂಪಾಯಿ. ಟಿ.ವಿ. ಡಬ್ಬದೊಳಗೆ ಬರುತ್ತದಲ್ಲ, ಆ ಹಗುರದ್ದು ಬೇಡ. ಸಾಂದ್ರತೆ ಕೇಳಿ ತೆಗೆದುಕೊಳ್ಳಿ, ಘನ ಮೀಟರಿಗೆ 20 ಕಿಲೋ ಆದರೂ ಇರಲಿ. ಬೆರಳಲ್ಲಿ ಒತ್ತಿದರೆ ಕುಳಿ ಬೀಳಬಾರದು. ನೆಲಕ್ಕೆ ಹಾಕಿದ ಮೇಲೆ 18 ಮಿ.ಮೀ. ಪ್ಲೈವುಡ್ ಹಾಸಿದೆವು, ತುಂಬಿದ ಭರಣಿಯ ಭಾರ ಹರಡಬೇಕು.

ಆಚಾರಿ ಒಳ್ಳೆಯ ಕೆಲಸಗಾರ, ನಮ್ಮ ಮನೆಯ ಕಿಟಕಿ ಬಾಗಿಲೆಲ್ಲ ಅವರದೇ. ಸಿಲ್ವರ್ ಓಕ್ ರೀಪರ್‌ನಲ್ಲಿ ಚೌಕಟ್ಟು ಎರಡೇ ದಿನದಲ್ಲಿ ಎದ್ದಿತು. ಮೂರನೇ ದಿನ ಥರ್ಮೋಕೋಲ್ ಅಂಟಿಸಲು ಮೈಕಾ ಅಂಟಿಸುವ ಹಳದಿ ಗಮ್ಮನ್ನು ಧಾರಾಳವಾಗಿ ಬಳಿದರು. ನಾನು ಕಾಫಿ ತರಲು ಒಳಗೆ ಹೋದೆ. ಬರುವಾಗ ಆಚಾರಿ ಗೋಡೆ ನೋಡುತ್ತಾ ನಿಂತಿದ್ದರು. ಹಾಳೆಯ ಮಧ್ಯೆ ದೋಸೆಯ ತೂತಿನ ಹಾಗೆ ಕುಳಿಗಳು, ಅವು ನಮ್ಮ ಕಣ್ಣೆದುರೇ ದೊಡ್ಡದಾಗುತ್ತಿವೆ.

"ಅಮ್ಮಾ, ಇದು ಕರಗ್ತಾ ಉಂಟು."

ಥಿನ್ನರ್ ಜಾತಿಯ ದ್ರಾವಣ ಇರುವ ಯಾವ ಗಮ್ಮೂ ಪೇಂಟೂ ಥರ್ಮೋಕೋಲ್‌ಗೆ ಆಗದು, ತಿಂದುಬಿಡುತ್ತದೆ. ಎಂಟು ಹಾಳೆ ಹೋಯಿತು. ಆಮೇಲೆ ಡಬ್ಬಿಯಲ್ಲಿ ಬರುವ ಪಿ.ಯು. ಫೋಮ್ ತಂದು ಅದರಿಂದಲೇ ಅಂಟಿಸಿದೆವು, ಸಂದಿಗೂ ಅದನ್ನೇ ತುಂಬಿದೆವು. ಫೋಮ್ ಕೈಗೆ ಹತ್ತಿದರೆ ವಾರ ಬಿಡುವುದಿಲ್ಲ, ಕೈಗವಸು ಹಾಕಿಕೊಳ್ಳಿ.

ಇಲ್ಲಿಯೇ ನಾನು ದೊಡ್ಡ ತಪ್ಪು ಮಾಡಿದ್ದು. ಮಾಡುವಾಗ ಅದು ತಪ್ಪು ಅಂತ ಗೊತ್ತಾಗಲಿಲ್ಲ. ತೇವ ತಡೆಯಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಬೇಕು ಅಂತ ಓದಿದ್ದೆ. ಒಂದು ವಿಡಿಯೋದಲ್ಲಿ ಅಮೆರಿಕದ ಒಬ್ಬಾತ ಅದನ್ನು ಗೋಡೆಯ ಒಳಬದಿಗೆ ಹೊಡೆಯುತ್ತಿದ್ದ. ನಾನೂ ಒಳಬದಿಗೆ ಹೊಡೆಸಿದೆ. ಅದರ ಮೇಲೆ ಇಲಿ ಕೊರೆಯದಿರಲಿ ಅಂತ ತೆಳು ಜಿ.ಐ. ಶೀಟು, ಅಂದರೆ ಸತು ಬಳಿದ ತಗಡು. ಚಂದ ಕಾಣಿಸಿತು, ಫೋಟೋ ಕೂಡ ತೆಗೆದೆ.

ಎ.ಸಿ. ವಿಷಯಕ್ಕೆ ಬರೋಣ. ಹೊಸ ಇನ್ವರ್ಟರ್ ಎ.ಸಿ. ಬೇಡ ಅಂತ ಕುಶಾಲನಗರದ ಮೆಕ್ಯಾನಿಕ್ ಹುಡುಗ ಮೊದಲೇ ಹೇಳಿದ. "ಅಕ್ಕ, ರಿಮೋಟ್ ಇರೋದು 16ಕ್ಕಿಂತ ಕೆಳಗೆ ಹೋಗಲ್ಲ. ಕೆಲವು ಕರೆಂಟ್ ಹೋಗಿ ಬಂದ್ರೆ ತಾನಾಗಿ ಸ್ಟಾರ್ಟೂ ಆಗಲ್ಲ. ತಿರುಗಿಸೋ ಗುಂಡಿ ಇರೋ ಹಳೇ ವಿಂಡೋ ಎ.ಸಿ. ಹುಡುಕಿ." ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ನಮ್ಮ ಊರಿಗೆ ಈ ಮಾತು ಚಿನ್ನದಂಥದ್ದು. ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಟನ್ನಿನದು 11,500ಕ್ಕೆ ಸಿಕ್ಕಿತು, ಗಾಡಿ ಬಾಡಿಗೆ 1,500.

ಮುಕ್ಕಾಲು ಟನ್ ಸಾಕು ಅಂತ ಅವನು ಹೇಳಿದ್ದ, ನಾನು ದೊಡ್ಡದಿದ್ದರೆ ಬೇಗ ತಂಪಾಗುತ್ತದೆ ಅಂದುಕೊಂಡೆ. ಲೆಕ್ಕ ಹಾಕಿದ್ದು ಆಮೇಲೆ. ಇಷ್ಟು ದಪ್ಪ ಥರ್ಮೋಕೋಲ್ ಇರುವ ಇಷ್ಟು ಸಣ್ಣ ಕೋಣೆಗೆ, ಹೊರಗೆ 30 ಒಳಗೆ 15 ಇದ್ದಾಗ, ಗೋಡೆಯಿಂದ ನುಗ್ಗುವ ಬಿಸಿ ಬರೀ 150 ವ್ಯಾಟ್ ಆಸುಪಾಸು. ಬಾಗಿಲು ತೆಗೆಯುವುದು, ಹುದುಗುವಾಗ ಹುಟ್ಟುವ ಬಿಸಿ ಎಲ್ಲ ಸೇರಿದರೂ 300 ದಾಟುವುದು ಕಷ್ಟ. ಒಂದು ಟನ್ ಎ.ಸಿ. 3,500 ವ್ಯಾಟ್ ಬಿಸಿಯನ್ನು ಎಳೆದು ಹಾಕಬಲ್ಲದು. ಆದ್ದರಿಂದ ನನ್ನದು ಎರಡು ನಿಮಿಷ ಓಡಿ ನಿಲ್ಲುವುದು, ಮತ್ತೆ ಓಡುವುದು. ಕಂಪ್ರೆಸರ್‌ಗೆ ಇದು ಆಗದು.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಎಸ್‌ಟಿಸಿ-1000 ಅನ್ನುವ, ಡಿಗ್ರಿ ನೋಡಿ ಯಂತ್ರವನ್ನು ನಿಲ್ಲಿಸಿ ಓಡಿಸುವ ಸಣ್ಣ ಕಂಟ್ರೋಲರ್. ಮನೆಯಲ್ಲಿ ಬಿಯರ್, ವೈನ್ ಮಾಡುವವರು ಎಲ್ಲ ಕಡೆ ಇದನ್ನೇ ಬಳಸುತ್ತಾರೆ. ಎಫ್1 ಅನ್ನುವುದು ಬೇಕಾದ ಡಿಗ್ರಿ, ಎಫ್2 ಎಷ್ಟು ಏರಿದ ಮೇಲೆ ಮತ್ತೆ ಶುರುವಾಗಬೇಕು, ಎಫ್3 ಕಂಪ್ರೆಸರ್ ಎಷ್ಟು ನಿಮಿಷ ಕಾಯಬೇಕು. ನಾನು 16, 2, 5 ಅಂತ ಇಟ್ಟಿದ್ದೇನೆ. ಅದರ ಸೆನ್ಸರ್ ಗಾಳಿಯಲ್ಲಿ ನೇತಾಡಬಾರದು. ಒಂದು ಲೀಟರ್ ನೀರಿನ ಬಾಟಲಿಯೊಳಗೆ ಮುಳುಗಿಸಿಟ್ಟೆ. ನೀರು ನಿಧಾನಕ್ಕೆ ಬಿಸಿಯಾಗುತ್ತದೆ, ನಿಧಾನಕ್ಕೆ ತಣಿಯುತ್ತದೆ, ಎ.ಸಿ.ಯ ಚಡಪಡಿಕೆ ಅಲ್ಲಿಗೆ ನಿಂತಿತು. ಕಂಟ್ರೋಲರಿನ ಸ್ವಿಚ್ 10 ಆಂಪಿಯರ್‌ನದು, ಎ.ಸಿ. ಶುರುವಾಗುವಾಗ ಎಳೆಯುವ ಕರೆಂಟ್ ಅದಕ್ಕಿಂತ ಜಾಸ್ತಿ. ಮಧ್ಯೆ ಒಂದು ಕಾಂಟ್ಯಾಕ್ಟರ್, ಅಂದರೆ ಜಾಸ್ತಿ ಕರೆಂಟ್ ತಾಳುವ ಸ್ವಿಚ್, ಹಾಕಲೇಬೇಕು. ಕಂಟ್ರೋಲರ್ ಕಂಪ್ರೆಸರನ್ನು ಮಾತ್ರ ನಿಲ್ಲಿಸುವ ಹಾಗೆ, ಒಳಗಿನ ಫ್ಯಾನ್ ಓಡುತ್ತಲೇ ಇರುವ ಹಾಗೆ ಹುಡುಗ ಜೋಡಿಸಿದ. ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದರೆ ಆ ಗಾಳಿಗೆ ಕರಗುತ್ತದೆ. ಇದು ನೀವಾಗಿ ಬಿಚ್ಚಿ ಮಾಡುವ ಕೆಲಸ ಅಲ್ಲ. ಅರ್ತಿಂಗ್, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಎರಡೂ ಇರಲಿ, ಒದ್ದೆ ಕೋಣೆ ಅದು.

ಒಂದು ದಿನ ಆಸೆಬುರುಕಳಾಗಿ 8 ಡಿಗ್ರಿಗೆ ಇಟ್ಟು ನೋಡಿದೆ. ಬೆಳಿಗ್ಗೆ ಎ.ಸಿ. ಮುಖದ ತುಂಬಾ ಬಿಳಿ ಹಿಮ, ಗಾಳಿಯೇ ಇಲ್ಲ. ಕೋಣೆಗೆ ಮಾಡಿದ ಎ.ಸಿ. ಇದು, ಇದರಿಂದ ಫ್ರಿಜ್ ಕೆಲಸ ಬೇಡ. 13, 14 ಡಿಗ್ರಿಯವರೆಗೆ ನನ್ನದು ತಕರಾರು ಮಾಡುವುದಿಲ್ಲ.

ವೋಲ್ಟೇಜ್ ಬಗ್ಗೆಯೂ ಹೇಳಿಬಿಡುತ್ತೇನೆ. ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹೊಡೆಯುವವರ ಮೋಟಾರುಗಳೆಲ್ಲ ಓಡುವಾಗ ನಮ್ಮಲ್ಲಿ 165 ವೋಲ್ಟ್ ತೋರಿಸುತ್ತಿತ್ತು. ಸ್ಟೆಬಿಲೈಜರ್ ಇಲ್ಲದೆ ಎ.ಸಿ. ಹಾಕಬೇಡಿ. 3,400 ರೂಪಾಯಿ ಕೊಟ್ಟೆ.

ಬಾಗಿಲು ಮಾಡಿದ್ದು ಮನೆಯಲ್ಲೇ. ಸಿಲ್ವರ್ ಓಕ್ ಚೆನ್ನಾಗಿ ಒಣಗಿರಲಿಲ್ಲ ಅಂತ ಕಾಣುತ್ತದೆ, ಮೂರು ವಾರದಲ್ಲಿ ಬಾಗಿ ಮೇಲಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ. ಫ್ರಿಜ್ ಬಾಗಿಲಿನ ರಬ್ಬರ್ ಬೀಡಿಂಗ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಎರಡು ಸುತ್ತು ಹಾಕಿ ಮುಚ್ಚಿದೆವು. ಬಾಗಿಲು ಒಳಗಿನಿಂದ ತಳ್ಳಿದರೆ ತೆರೆಯಬೇಕು, ಇದರಲ್ಲಿ ರಾಜಿ ಬೇಡ. ಆಚಾರಿ ಹೊರಗೆ ಮಾತ್ರ ಚಿಲಕ ಇಟ್ಟಿದ್ದರು, ನಾನು ತೆಗೆಸಿ ರಬ್ಬರಿನ ಹಿಡಿತಕ್ಕೆ ಬಿಟ್ಟೆ. ಹಾಗೆ ಮಾಡಿದ್ದು ಎಷ್ಟು ಒಳ್ಳೆಯದಾಯಿತು ಅಂತ ಏಪ್ರಿಲ್‌ನಲ್ಲಿ ಗೊತ್ತಾಯಿತು.

ಏಪ್ರಿಲ್ ಮೊದಲ ವಾರ ಅನಾನಸು ಹಾಕಿದೆ. ಮೂರು ಪಾತ್ರೆ, ಒಟ್ಟು 60 ಲೀಟರ್, ಸಕ್ಕರೆ 14 ಕಿಲೋ. ಕೋಣೆಯನ್ನು ಹೆಮ್ಮೆಯಿಂದ 14 ಡಿಗ್ರಿಗೆ ಇಟ್ಟಿದ್ದೆ. ನಾಲ್ಕು ದಿನವಾದರೂ ಒಂದು ಗುಳ್ಳೆ ಇಲ್ಲ. ಅತ್ತೆ ಬಂದು ಭರಣಿಗೆ ಕಿವಿ ಇಟ್ಟು "ಮಲಗಿಬಿಟ್ಟಿದೆ" ಅಂದು ಹೋದರು. ಹಾಕಿದ್ದು ಬ್ರೆಡ್ಡಿನ ಯೀಸ್ಟ್, ಅಷ್ಟು ತಂಪು ಅದಕ್ಕೆ ಒಗ್ಗುವುದಿಲ್ಲ. 18ಕ್ಕೆ ಏರಿಸಿದ ಮರುದಿನ ಗುಳುಗುಳು ಶುರು. ಈಗ ನಾನು ಇಸಿ-1118 ಅನ್ನುವ ವೈನ್ ಯೀಸ್ಟ್ ತರಿಸುತ್ತೇನೆ, ಅದು 10ರಿಂದ 30 ಡಿಗ್ರಿಯವರೆಗೆ ಕೆಲಸ ಮಾಡುತ್ತದೆ.

ಗುಳುಗುಳು ಶುರುವಾಗಿ ಮೂರನೇ ಬೆಳಿಗ್ಗೆ. ಬಾಗಿಲು ತೆಗೆದು ಒಳಗೆ ಹೋದೆ, ತಂಪು ಹೊರಗೆ ಹೋಗದಿರಲಿ ಅಂತ ಹಿಂದೆ ಮುಚ್ಚಿಕೊಂಡೆ. ಕೆಳಗಿನ ಪಾತ್ರೆ ನೋಡಲು ಬಗ್ಗಿದೆ. ಮೂಗಿನೊಳಗೆ ಸೋಡಾ ನುಗ್ಗಿದ ಹಾಗೆ ಚುರ್ ಅಂದಿತು, ಉಸಿರು ತೆಗೆದುಕೊಂಡರೂ ಸಾಲದು, ಎದೆ ಡವಡವ. ಬಾಗಿಲಿಗೆ ಭುಜ ಕೊಟ್ಟು ಹೊರಗೆ ಬಿದ್ದೆ. ಅಂಗಳದ ಕಲ್ಲಿನ ಮೇಲೆ ಕಾಲು ಗಂಟೆ ಕೂತಿದ್ದೆ, ಕೈ ನಡುಗುತ್ತಿತ್ತು.

ಹುದುಗುವಾಗ ಸಕ್ಕರೆಯ ಅರ್ಧ ಭಾಗ ಆಲ್ಕೋಹಾಲ್, ಇನ್ನರ್ಧ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಒಂದು ಕಿಲೋ ಸಕ್ಕರೆಯಿಂದ ಸುಮಾರು 250 ಲೀಟರ್ ಅನಿಲ. ನನ್ನ 14 ಕಿಲೋದಿಂದ 3,500 ಲೀಟರ್. ಕೋಣೆಯೊಳಗೆ ಇರುವ ಗಾಳಿಯೇ 9,500 ಲೀಟರ್. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಕೆಳಗೆ ಕೂರುತ್ತದೆ, ನಾನು ಬಗ್ಗಿದ್ದು ಅಲ್ಲಿಗೇ. ಗಾಳಿಯಲ್ಲಿ ಅದು ನೂರಕ್ಕೆ ಹತ್ತರಷ್ಟಾದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಎ.ಸಿ. ಇದೆಯಲ್ಲ, ಗಾಳಿ ಬರುತ್ತದೆ ಅಂತ ನಾನು ತಿಳಿದಿದ್ದೆ. ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರಗಿನದನ್ನು ತರುವುದಿಲ್ಲ. ಥರ್ಮೋಕೋಲ್, ಫೋಮ್, ರಬ್ಬರ್ ಎಲ್ಲ ಹಾಕಿ ಒಂದು ಇರುವೆಯೂ ಹೋಗದ ಹಾಗೆ ಮುಚ್ಚಿದ್ದು ನಾನೇ.

ಅವತ್ತೇ ಸಂಜೆ ಎಲ್ಲ ಪಾತ್ರೆಗಳ ಮುಚ್ಚಳದಿಂದ ಟ್ಯೂಬ್ ತೆಗೆದು, ಒಂದೇ ಪೈಪಿಗೆ ಸೇರಿಸಿ ಗೋಡೆಯಾಚೆ ನೀರಿನ ಬಾಟಲಿಯಲ್ಲಿ ಮುಳುಗಿಸಿದೆವು. ನೆಲದ ಹತ್ತಿರ ಎರಡಿಂಚಿನ ಪಿ.ವಿ.ಸಿ. ತೂತು, ಮೇಲೆ ಎದುರು ಗೋಡೆಯಲ್ಲಿ ಇನ್ನೊಂದು, ಎರಡಕ್ಕೂ ಇಲಿ ಬಾರದ ಜಾಲರಿ. ಈಗ ಬಾಗಿಲು ತೆಗೆದು ಐದು ನಿಮಿಷ ಬಿಟ್ಟೇ ಒಳಗೆ ಹೋಗುವುದು, ಒಳಗಿದ್ದಾಗ ಬಾಗಿಲು ಮುಚ್ಚುವುದಿಲ್ಲ. ಮಕ್ಕಳನ್ನು ಬಿಡುವುದೇ ಇಲ್ಲ. ಕರೆಂಟು ಖರ್ಚಾದರೆ ಆಗಲಿ.

ಆ ವೈನ್ ಹುದುಗಿ ಮುಗಿಯಲು 34 ದಿನ ಬೇಕಾಯಿತು. ಉಗ್ರಾಣದಲ್ಲಾದರೆ ಹತ್ತೇ ದಿನದಲ್ಲಿ ಕುದಿದು ಮುಗಿಯುತ್ತಿತ್ತು. ಮೇ ಕೊನೆಯಲ್ಲಿ ಸೋಸಿದಾಗ ಅಡುಗೆಮನೆಯಲ್ಲಿ ಅನಾನಸು ಹೆಚ್ಚುತ್ತಿದ್ದಾರೇನೋ ಅನ್ನುವ ಪರಿಮಳ. ಅತ್ತೆ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, "ಸಕ್ಕರೆ ಸ್ವಲ್ಪ ಕಮ್ಮಿ" ಅಂದರು. ಲೋಟ ಖಾಲಿಯಾಗಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಎರಡನೇ ವಾರ ಕೋಣೆಯ ಹೊರಗೋಡೆಯ ಬುಡದಲ್ಲಿ ನೀರು ಒಸರುವುದು ಕಂಡೆ. ಹಂಚು ಸೋರುತ್ತಿದೆ ಅಂದುಕೊಂಡೆವು. ಗಂಡ ಹತ್ತಿ ನೋಡಿದರು, ಹಂಚು ಸರಿಯಾಗಿತ್ತು. ಒಳಗಿನ ಒಂದು ಜಿ.ಐ. ಶೀಟು ಬಿಚ್ಚಿ, ಪ್ಲಾಸ್ಟಿಕ್ ಕೊಯ್ದರೆ ಹಿಂದಿನಿಂದ ನೀರು ಸುರಿಯಿತು. ಥರ್ಮೋಕೋಲ್ ಹಾಳೆ ಎತ್ತಿದರೆ ಒದ್ದೆ ಗೋಣಿಯ ಭಾರ. ರೀಪರ್ ಮೇಲೆ ಕಪ್ಪು ಬೂಸ್ಟು.

ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟುತ್ತದಲ್ಲ, ನನ್ನ ಗೋಡೆಯೊಳಗೆ ಆದದ್ದು ಅದೇ. ಹೊರಗಿನ ಒದ್ದೆ ಗಾಳಿ ಗೋಡೆಯೊಳಗೆ ನುಗ್ಗುತ್ತದೆ, ತಣ್ಣಗಿರುವ ಪ್ಲಾಸ್ಟಿಕ್ಕಿಗೆ ತಗುಲಿ ನೀರಾಗುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಆ ವಿಡಿಯೋದವನು ತೋರಿಸಿದ್ದು ಚಳಿ ದೇಶದಲ್ಲಿ ಒಳಗೆ ಬೆಚ್ಚಗೆ ಇಡುವ ಮನೆ. ಅಲ್ಲಿ ಬೆಚ್ಚಗಿನ ಬದಿ ಒಳಗಡೆ, ಪ್ಲಾಸ್ಟಿಕ್ಕೂ ಒಳಗಡೆ. ತಂಪು ಕೋಣೆಗೆ ಬೆಚ್ಚಗಿನ ಬದಿ ಹೊರಗಡೆ, ಪ್ಲಾಸ್ಟಿಕ್ ಹೊರಗಡೆಯೇ ಬರಬೇಕು. ಇಡೀ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಇರಲಿ, ಗಾಳಿಯ ತೂತಿನ ವಿಷಯ ಬಿಟ್ಟರೆ.

ಮಳೆಯಲ್ಲೇ ಬಿಚ್ಚಿದೆವು. ಆಚಾರಿ ಒಂದು ಮಾತು ಆಡಲಿಲ್ಲ, ನನಗೆ ಅದೇ ಹೆಚ್ಚು ಬೇಜಾರಾಯಿತು. 22 ಹಾಳೆ ಎಸೆದೆವು. ಉಳಿದವನ್ನು ಕಾಫಿ ಗೋಡೌನಿನಲ್ಲಿ ಸಾಲಾಗಿ ನಿಲ್ಲಿಸಿ ಫ್ಯಾನ್ ಹಾಕಿ ಒಣಗಿಸಿದೆವು. ಅತ್ತೆಯ ಕೋಣೆಯ ಹೊಸ ಫ್ಯಾನ್ ಅಲ್ಲ, ಬೇರೆಯದು, ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಈ ಸಲ 200 ಮೈಕ್ರಾನ್ ಪ್ಲಾಸ್ಟಿಕ್ ಹೊರಗಡೆ, ಸಂದಿಗೆಲ್ಲ ಅಲ್ಯೂಮಿನಿಯಂ ಟೇಪು, ಪೈಪು ವೈರು ತೂರುವ ಜಾಗಕ್ಕೆಲ್ಲ ಫೋಮು. ಒಂದು ಮೂಲೆಯ ಹಾಳೆಯೊಳಗೆ ಇರುವೆ ಗೂಡು ಮಾಡಿತ್ತು, ಮೂರು ತಿಂಗಳಲ್ಲಿ! ಎರಡನೇ ಸಲದ ಖರ್ಚು 8,400.

ಒಟ್ಟು ಲೆಕ್ಕ 1,01,750 ರೂಪಾಯಿ. 60 ಸಾವಿರ ಅಂದವಳು ನಾನು. ಕೂಲಿ 16,500, ಮರ ಮತ್ತು ಪ್ಲೈವುಡ್ 13,000, ಜಿ.ಐ. ಶೀಟು 11,200, ಗುತ್ತಿಗೆದಾರರೂ ವೈರೂ ಸೇರಿ 9,800. ಥರ್ಮೋಕೋಲ್ ಒಂದನ್ನೇ ಲೆಕ್ಕ ಹಾಕಿ ಖುಷಿಪಡಬೇಡಿ, ಕೊನೆಗೆ ಟೇಪು, ಫೋಮು, ಬೀಡಿಂಗಿನಂಥ ಚಿಲ್ಲರೆಯೇ ಆರು ಸಾವಿರ ದಾಟಿತು.

ಕರೆಂಟ್ ಬಿಲ್ ಇನ್ನೊಂದು ಪಾಠ. ಏಪ್ರಿಲ್‌ನಲ್ಲಿ ಕೋಣೆ ದಿನಕ್ಕೆ ನಾಲ್ಕೂವರೆ ಯೂನಿಟ್ ತಿಂದಿತು, ಮಳೆಯಲ್ಲಿ ಎರಡು. ಮನೆಯದು 90 ಯೂನಿಟ್ ಇತ್ತು, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿತ್ತು. ಏಪ್ರಿಲ್‌ನಲ್ಲಿ 200 ದಾಟಿತು. 200 ದಾಟಿದರೆ ಹೆಚ್ಚಿನದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಸೊನ್ನೆಯಿಂದ ನೇರ 1,900ರ ಹತ್ತಿರ. ಲೋಡ್ ಏರಿಸಿದ್ದರಿಂದ ತಿಂಗಳ ನಿಗದಿ ಶುಲ್ಕವೂ ಏರಿತ್ತು. ಈಗ ದಿನಾ ಮೀಟರ್ ನೋಡುವುದು ಗಂಡನ ಕೆಲಸ, ಬೇಸಿಗೆಯಲ್ಲಿ ತಿಂಗಳ ಕೊನೆಗೆ ನಮ್ಮಿಬ್ಬರ ಮಾತು ಕಮ್ಮಿಯಾಗುತ್ತದೆ.

ಕರೆಂಟ್ ಹೋದರೆ ಏನು ಅಂತ ಎಲ್ಲರೂ ಕೇಳುತ್ತಾರೆ. ಖಾಲಿ ಜಾಗದಲ್ಲೆಲ್ಲ 20 ಲೀಟರಿನ ನೀರಿನ ಕ್ಯಾನ್ ಇಟ್ಟಿದ್ದೇನೆ, ಹತ್ತು ಇವೆ. ಅಷ್ಟು ನೀರು ತಂಪನ್ನು ಹಿಡಿದಿಡುತ್ತದೆ. ಏಪ್ರಿಲ್‌ನ ಮಧ್ಯಾಹ್ನ ನಾಲ್ಕು ಗಂಟೆ ಕರೆಂಟ್ ಇಲ್ಲದಾಗ ಎರಡು ಡಿಗ್ರಿ ಮಾತ್ರ ಏರಿತು. ಈ ವಾರ ಮರ ಬಿದ್ದು ಮೂರು ದಿನ ಲೈನ್ ಇರಲಿಲ್ಲ. ಮಳೆಗಾಲದಲ್ಲಿ ಹೊರಗೇ 20 ಡಿಗ್ರಿ, ಒಳಗೆ 19ಕ್ಕೆ ಬಂದು ನಿಂತಿತು. ವೈನ್‌ಗೆ ಏನೂ ಆಗಿಲ್ಲ.

ನಿನ್ನೆ ಕರೆಂಟ್ ಬಂದ ಮೇಲೆ ಬಾಗಿಲು ತೆಗೆದು, ಐದು ನಿಮಿಷ ಬಿಟ್ಟು, ಒಳಗೆ ಹೋದೆ. ಗೋಡೆ ಒಣಗಿತ್ತು. ಆದರೆ ಏನೋ ವಾಸನೆ. ಮತ್ತೆ ಎಲ್ಲೋ ಕೊಳೆಯುತ್ತಿದೆ ಅಂತ ಎದೆ ಧಸಕ್ ಅಂದಿತು, ಟಾರ್ಚ್ ಹಿಡಿದು ಮೂಲೆ ಮೂಲೆ ಹುಡುಕಿದೆ. ನೀರಿನ ಕ್ಯಾನುಗಳ ಹಿಂದೆ, ತಟ್ಟೆ ಮುಚ್ಚಿದ ಒಂದು ಬಕೆಟ್. ತೆಗೆದರೆ ಕಣಿಲೆ, ಎಳೆ ಬಿದಿರು. ಹೆಚ್ಚಿ ನೀರಿಗೆ ಹಾಕಿ ಎರಡು ದಿನವಾಗಿತ್ತು.

ಅಡುಗೆಮನೆಗೆ ಬಂದು ಕೇಳಿದೆ. ಅತ್ತೆ ಅಕ್ಕಿ ಆರಿಸುತ್ತಲೇ, "ಅಲ್ಲಿ ತಂಪು ಉಂಟಲ್ಲ," ಅಂದರು. "ನಾಳೆ ನೀರು ಬದಲಾಯಿಸು."